ಖಾಂದಗಿ ಎಂಬ ಐದನೆಯ ಪರ್ಚೆ

ಮಾಸ್ತರರಾದ ನಮ್ಮವರ ಜೊತೆ ಯಾದಗಿರಿ ಸ್ಟೇಶನ್ನಿನಲ್ಲಿ ಇಳಿದ ಕೂಡಲೇ ನನ್ನ ಟ್ರಂಕು ಬಿಚ್ಚಿಸಿದರು. ಧಾರವಾಡದಿಂದ ಹೊರಟು, ಹೊಟಗಿಯಲ್ಲಿ ಗಾಡಿ ಬದಲಿಸಿ ಬರುವಷ್ಟರಲ್ಲಿ ಮೈಯೆಲ್ಲ ಇದ್ದಿಲ ಪುಡಿ. ಹೊಸ ಮದುವಣಗಿತ್ತಿಯ ಟ್ರಂಕು ಹೀಗೆ ಪ್ಲಾಟ್‌ಫಾರ್ಮಿನ ಮೇಲೆ ಬಾಯಿ ತೆರೆದು ಕೂರುವುದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಬಿಚ್ಚಿಸಿದವನು ಕರೋಡಗಿರಿಯವನು. ಅಂದರೆ ನಿಜಾಮರ ಸೀಮೆಯೊಳಗೆ ಬರುವ ಸಾಮಾನಿಗೆ ಸುಂಕ ನೋಡುವವನು.

"ಇದೇನ್ರಿ, ಬರೇ ಕಿತಾಬ ತುಂಬ್ಯಾರ. ಯಾರು ಓದ್ತಾರ, ಮಾಸ್ತರೋ ನೀವೋ?"

"ನಾನು" ಅಂದೆ.

ಅವನು ಒಂದು ಪುಸ್ತಕ ಎತ್ತಿಕೊಂಡು ಬಲಗಡೆಯಿಂದ ತೆರೆದ. ಉರ್ದು ಓದುವ ಕೈಗೆ ಅದೇ ರೂಢಿ. ನನ್ನ ಪುಸ್ತಕದ ಕೊನೆಯ ಪುಟ ಅವನಿಗೆ ಮೊದಲ ಪುಟವಾಗಿ ಬಂತು. ಒಂದು ಗಳಿಗೆ ಅದನ್ನೇ ನೋಡಿ, ಮುಚ್ಚಿ, "ಹೋಗ್ರಿ" ಅಂದ.

ಆ ದಿನ ರವಿವಾರ. ನಮ್ಮವರು ನನ್ನನ್ನು ಮನೆಯೊಳಗೆ ಬಿಟ್ಟು, ನೀರು ಕುಡಿದು, ಶಾಲೆಗೆ ಹೊರಟುಬಿಟ್ಟರು. ಇಲ್ಲಿ ರಜೆ ಶುಕ್ರವಾರ ಎಂಬುದು ನನಗೆ ಯಾರೂ ಹೇಳಿರಲಿಲ್ಲ. ಅತ್ತೆಮನೆಯವರೂ ಇಲ್ಲದ, ಹೆಸರು ಗೊತ್ತಿಲ್ಲದ ಓಣಿಯಲ್ಲಿ ಬಾಗಿಲು ಹಾಕಿಕೊಂಡು ಕುಳಿತೆ.

ಧಾರವಾಡದ ಓದುಗರೇ, ನಿಮಗೂ ನಮಗೂ ನಡುವೆ ಒಂದು ದಿನದ ಪ್ರಯಾಣವಷ್ಟೇ. ಆದರೆ ನೀವು ಈ ಸೀಮೆಯನ್ನು ಮೊಗಲಾಯಿ ಎಂದು ಕರೆದು ಸುಮ್ಮನಾಗುತ್ತೀರಿ. ನಾನೂ ಹಾಗೇ ಕರೆದವಳು. ಅಲ್ಲಿ ಮನೆಗೆ ಹೆಂಚು, ಇಲ್ಲಿ ನೆಲಕ್ಕೂ ಮಾಡಿಗೂ ಅದೇ ಕಲ್ಲಿನ ಹಾಸು. ಅಲ್ಲಿ ಜಿಟಿಜಿಟಿ ಮಳೆ, ಇಲ್ಲಿ ಕೋಟೆಯ ಗುಡ್ಡದ ಬಂಡೆಗಳು ಸಂಜೆ ತನಕ ಕಾದು, ಊಟದ ಹೊತ್ತಿಗೆ ಆ ಕಾವನ್ನು ಊರ ಮೇಲೆ ಬಿಡುತ್ತವೆ. ಅಲ್ಲಿಯ ಚೈತ್ರ, ಜನವರಿ ಎರಡೂ ಇಲ್ಲಿಯ ಕಚೇರಿಗೆ ಗೊತ್ತಿಲ್ಲ. ವರ್ಷ ಆಜೂರ್ ತಿಂಗಳಿನಿಂದ ಶುರು, ಆಬಾನ್‌ಗೆ ಮುಗಿತಾಯ. ರೊಟ್ಟಿ ಮಾತ್ರ ಅದೇ ಜೋಳದ್ದು. ಪುಂಡಿಪಲ್ಯದ ಹುಳಿ ಮೊದಮೊದಲು ಹಲ್ಲು ಚುಳ್ಳೆನ್ನಿಸುತ್ತಿತ್ತು. ಈಗ ಅದಿಲ್ಲದೆ ರೊಟ್ಟಿ ಇಳಿಯುವುದಿಲ್ಲ.

ನಾನು ಬಿ.ಎ. ಮಾಡಿದ್ದೆ. ಅಪ್ಪನಿಗೆ ಅದು ಹೆಮ್ಮೆ, ಅವ್ವನಿಗೆ ದಿಗಿಲು. ನಮ್ಮವರು ಸುರಪುರದವರು, ಯಾದಗಿರಿಯ ಶಾಲೆಯಲ್ಲಿ ಮಾಸ್ತರು. "ಓದಿದಾಕಿ ಬೇಕು" ಅಂತ ಹಟ ಹಿಡಿದು ನನ್ನನ್ನು ಮದುವೆಯಾದವರು. ಆ ಹಟದ ಕಾರಣ ನನಗೆ ತಿಳಿದದ್ದು ಮೂರನೆಯ ವರ್ಷ. ಒಂದು ಶುಕ್ರವಾರ ಅವರು ಹಾಜರಿ ಪುಸ್ತಕ ಮನೆಗೆ ತಂದು, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಕೊನೆಗೆ ನನ್ನ ಮುಂದೆ ಇಟ್ಟರು.

"ಹೆಸರು ಓದಿ ಹೇಳು" ಅಂದರು.

"ಯಾಕ್ರಿ, ಕಾಣಸೂದಿಲ್ಲೇನು?"

"ನಡಕ ಒಂದಿಷ್ಟು ಕಾಣಸ್ತದ. ಸುತ್ತ ಎಲ್ಲಾ ಮಸಕ. ನಮ್ಮಪ್ಪಗೂ ಹಿಂಗ ಆಗಿತ್ತು." ಆಮೇಲೆ, "ಗೊತ್ತಿದ್ದೇ ಮದುವಿ ಆದೆ, ಯಮುನಾ. ಹೇಳಲಿಲ್ಲ. ಅದು ನನ್ನ ತಪ್ಪು" ಅಂದರು.

ಎರಡು ದಿನ ನಾನು ಅವರೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಅವರು ಹೊಸ್ತಿಲು ಎಡವಿದ್ದನ್ನು ಕಂಡೆ. ಮತ್ತೆ ಮಾತಾಡಿದೆ.

ಮರುವರ್ಷ ಶಾಲೆಗೂ ವಿಷಯ ತಿಳಿಯಿತು. ಬರುವ ಆಬಾನ್ ಮುಗಿಯುವ ತನಕ ಇರಬಹುದು, ಆಮೇಲೆ ಬೇಡ ಎಂದರು. ಅದೇ ತಿಂಗಳು ಜರೀದಾದಲ್ಲಿ, ಅಂದರೆ ಸರ್ಕಾರದ ಗೆಜೆಟ್ಟಿನಲ್ಲಿ, ಒಂದು ಪ್ರಕಟಣೆ ಬಂತು. ಹೆಣ್ಣುಮಕ್ಕಳ ಶಾಲೆಗಳ ತಪಾಸಣೆಗೆ ಇಬ್ಬರು ಪದವೀಧರ ಹೆಂಗಸರು ಬೇಕು. ಮುಲ್ಕಿ ಆಗಿರಬೇಕು, ಅಂದರೆ ಈ ಸೀಮೆಯವರೇ ಆಗಿರಬೇಕು. ನನ್ನ ಗಂಡ ಮುಲ್ಕಿಯಾದ್ದರಿಂದ ನಾನೂ ಮುಲ್ಕಿ. ಪದವಿ ಧಾರವಾಡದ್ದು, ಹಕ್ಕು ಸುರಪುರದ್ದು. ಅರ್ಜಿ ಹಾಕಿದೆ.

ಪರೀಕ್ಷೆ ಉರ್ದುವಿನಲ್ಲಿ, ಗುಲ್ಬರ್ಗಾದಲ್ಲಿ. ಪರ್ಚೆ, ಅಂದರೆ ಪ್ರಶ್ನೆಪತ್ರಿಕೆ, ಐದು. ಒಂದು ಇಮ್ಲಾ, ಹೇಳಿದ್ದನ್ನು ಬರೆಯುವುದು. ಎರಡು ಖುಲಾಸಾ, ದೊಡ್ಡದನ್ನು ಸಣ್ಣದಾಗಿ ಹೇಳುವುದು. ಮೂರನೆಯದು ಇಂಗ್ಲಿಷಿನಿಂದ ತರ್ಜುಮೆ, ನಾಲ್ಕನೆಯದು ಲೆಕ್ಕ. ಐದನೆಯದರ ಮುಂದೆ ಖಾಂದಗಿ ಎಂಬ ಒಂದೇ ಮಾತು. ಓದುವಿಕೆ. ಒಂದರಲ್ಲಿ ಬಿದ್ದರೂ ಎಲ್ಲದರಲ್ಲೂ ಬಿದ್ದ ಹಾಗೆ ಎಂದು ಕೆಳಗೆ ಸ್ಪಷ್ಟವಾಗಿ ಬರೆದಿದ್ದರು.

"ಖಾಂದಗಿ ಅಂದ್ರ ಕಿತಾಬ ಕೊಟ್ಟು ಓದಸ್ತಾರ. ನಮ್ಮ ಕಾಲಕ್ಕೂ ಹಂಗೇ ಇತ್ತು. ಅದರ ಚಿಂತಿ ಬಿಡು" ಎಂದರು ನಮ್ಮವರು. ನಾನು ಬಿಟ್ಟೆ. ಮದುವೆಯಾದಂದಿನಿಂದ ಅವರೇ ಕಲಿಸಿದ ಉರ್ದು ನನಗೆ ಬರುತ್ತಿತ್ತು. ಅಚ್ಚಿನ ಪುಸ್ತಕ ಸರಾಗವಾಗಿ ಓದುತ್ತಿದ್ದೆ. ತೊಡಕು ಇದ್ದದ್ದು ಇಮ್ಲಾದಲ್ಲಿ. ಅವರು ಹೇಳಿದ್ದನ್ನು ನಾನು ಬರೆದರೆ, ಸರಿಯೋ ತಪ್ಪೋ ನೋಡಲು ಅವರ ಕಣ್ಣು ಒಪ್ಪುತ್ತಿರಲಿಲ್ಲ.

ಇದನ್ನು ಬಾವಿಕಟ್ಟೆಯಲ್ಲಿ ಪಕ್ಕದ ಮನೆಯ ಹುಸೇನಿ ಬೀ ಮುಂದೆ ಹೇಳಿಕೊಂಡೆ. ಈ ಓಣಿಯಲ್ಲಿ ನನ್ನನ್ನು ಮೊದಲು ಮಾತಾಡಿಸಿದವಳು ಅವಳು. ಮನೆಯಲ್ಲಿ ದಖನಿ ಉರ್ದು, ಬಾವಿಯ ಹತ್ತಿರ ನನಗಿಂತ ಚುರುಕು ಕನ್ನಡ.

"ಅಯ್ಯ ಬಾಯಾರ, ನಮ್ಮ ಅಬ್ಬಾ ಮೂವತ್ತ ವರ್ಷ ಕಚೇರಿ ಮುಂದ ಕುಂತು ಮಂದೀದು ದರಖಾಸ್ತ ಬರದಾರ. ಈಗ ಮನ್ಯಾಗ ಸುಮ್ನ ಕುಂತಾರ. ಬರ್ರಿ, ಕೇಳೂಣು" ಅಂದಳು.

ಓಣಿಯವರೆಲ್ಲ ಅವರನ್ನು ಮುನ್ಶೀಜಿ ಎನ್ನುತ್ತಿದ್ದರು. ಅವರು ಹೊರಗಿನ ಖೋಲಿಯಲ್ಲಿ, ನಾನು ಹುಸೇನಿ ಬೀ ಜೊತೆ ಒಳಗೆ. ನಡುವೆ ಬಾಗಿಲಿಗೆ ಒಂದು ಪರದೆ. "ಪರದಾ ನಿಮಗಲ್ಲ ಬೇಟಿ, ಇದು ಈ ಮನಿ ರಿವಾಜು" ಎಂದು ಮೊದಲೇ ಹೇಳಿದರು. ಅವರ ಮುಖ ನಾನು ಇವತ್ತಿಗೂ ನೋಡಿಲ್ಲ. ಕೇಳಿದ್ದು ದನಿ ಮಾತ್ರ. ಅವರು ಹೇಳುತ್ತಿದ್ದರು, ನಾನು ಬರೆದು ಕಾಗದವನ್ನು ಪರದೆಯ ಕೆಳಗೆ ಸರಿಸುತ್ತಿದ್ದೆ. ತಪ್ಪಿಗೆ ಕೆಂಪು ಗೆರೆ ಬಿದ್ದು ಅದು ಮರಳಿ ಬರುತ್ತಿತ್ತು. ಹೀಗೆ ಒಂದೂವರೆ ತಿಂಗಳು.

ಒಂದು ದಿನ ಅವರು ಕೇಳಿದರು, "ಖಾಂದಗಿಗೆ ಏನು ತಯಾರಿ ಮಾಡೀರಿ?"

"ಕಿತಾಬು ಓದಾಕತ್ತೇನಿ."

ಪರದೆಯಾಚೆ ಕಾಗದಗಳನ್ನು ತಡಕುವ ಸದ್ದು. ಆಮೇಲೆ, "ಕಚೇರ್ಯಾಗ ಕಿತಾಬ ಎಲ್ಲಿಂದ ಬರ್ತದ ಬೇಟಿ? ಅಲ್ಲಿ ಬರೋದು ದರಖಾಸ್ತ. ಮಾಸ್ತರಿಕೀಗೆ ಕಿತಾಬ ಓದಸ್ತಾರ. ಇದು ತಪಾಸಣಿ ನೌಕರಿ. ಮಂದಿ ಬರದದ್ದ ಓದಸ್ತಾರ."

ಪರದೆಯ ಕೆಳಗಿನಿಂದ ಒಂದು ಕಾಗದ ಬಂತು. ಅದನ್ನು ಬೆಳಕಿಗೆ ಹಿಡಿದೆ. ಅಕ್ಷರಕ್ಕೆ ಚುಕ್ಕೆಯಿಲ್ಲ. ಕೂಡಬಾರದ ಅಕ್ಷರಗಳು ಕೂಡಿಕೊಂಡಿವೆ. ಸಾಲು ಕೊನೆಗೆ ಬರುವಾಗ ಮೇಲಕ್ಕೆ ಹತ್ತಿ ಹೋಗಿದೆ. ಇದಕ್ಕೆ ಶಿಕಸ್ತಾ ಎನ್ನುತ್ತಾರೆ, ಮುರಿದ ಬರಹ. ಅವಸರದ ಕಚೇರಿಯ ಕೈ. ನಾಲ್ಕು ವರ್ಷ ಕಲಿತ ಉರ್ದುವಿನಲ್ಲಿ ಒಂದು ಮಾತೂ ನನಗೆ ದಕ್ಕಲಿಲ್ಲ. ಪರೀಕ್ಷೆಗೆ ಉಳಿದದ್ದು ಇಪ್ಪತ್ತೆರಡು ದಿನ.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರ ಮುಖ ಸಣ್ಣದಾಯಿತು. "ನಾ ಹೇಳಿದ್ದು ಹಳೇದಾತು" ಎಂದಷ್ಟೇ ಅಂದರು. ಮಾರನೆಯ ದಿನದಿಂದ ಒಲೆಯ ಕೆಲಸ ತಾವೇ ಹಿಡಿದರು. ಕೈತಡವಿ ರೊಟ್ಟಿ ಬಡಿಯಲು ಕಲಿತರು. ಅಂಚು ಹರಿದ ರೊಟ್ಟಿ ತಿಂದು ನಾನು ಮುನ್ಶೀಜಿಯ ಮನೆಗೆ ಓಡುತ್ತಿದ್ದೆ.

ಮುನ್ಶೀಜಿ ಹಳೆಯ ಕರಡುಗಳ ಗಂಟನ್ನೇ ಬಿಚ್ಚಿದರು. ದಿನಕ್ಕೆ ಐದಾರು. ಗೋಗಿಯ ಒಬ್ಬಾಕೆ ಬಾವಿಗೆ ಹೋಗುವ ದಾರಿಗೆ ಯಾರೋ ಗೋಡೆ ಕಟ್ಟಿದ್ದಾರೆಂದು ದೂರಿದ್ದಳು. ಭೀಮೆಯ ಅಂಬಿಗನೊಬ್ಬನ ಹರಿಗೋಲನ್ನು ಸಾಹೇಬರು ದಾಟುವುದಕ್ಕೆ ಎಂದು ಒಯ್ದವರು ಮರಳಿ ಕೊಟ್ಟಿರಲಿಲ್ಲ. ಶಹಾಪುರದ ಕುಂಬಾರ ಕೆರೆಯ ಮಣ್ಣಿಗಾಗಿ ಬರೆಸಿದ್ದ. ಗೋಗಿಯಾಕೆ ಮುನ್ಶೀಜಿಯ ಮುಂದೆ ಕುಳಿತು, "ನನ್ನ ಹಾದಿ ನನಗ ಬಿಡಸ್ರಿ, ಇಲ್ಲಾಂದ್ರ ಕೊಡಾ ಹೊತಗೊಂಡು ಸಾಹೇಬ್ರ ಮನಿ ಮುಂದೇ ಕೂಡ್ತೀನಿ" ಅಂದಿದ್ದಳಂತೆ. ಕಾಗದದಲ್ಲಿ ಅದು "ಫಿದ್ವಿಯಾ ದಸ್ತಬಸ್ತಾ ಅರ್ಜ್ ಪರ್ದಾಜ್ ಹೈ", ಸೇವಕಿ ಕೈಜೋಡಿಸಿ ಅರಿಕೆ ಮಾಡುತ್ತಾಳೆ, ಎಂದಾಗಿತ್ತು. ಮುನ್ಶೀಜಿ ಎರಡನ್ನೂ ಹೇಳಿ ತೋರಿಸುತ್ತಿದ್ದರು. ನಾಲ್ಕು ವರ್ಷ ಈ ಊರಿನಲ್ಲಿದ್ದು ನಾನು ನೋಡದೆ ಇದ್ದ ಜನ ಆ ಮುರಿದ ಅಕ್ಷರಗಳ ಹಿಂದಿನಿಂದ ಒಬ್ಬೊಬ್ಬರಾಗಿ ಬಂದರು. ಬೀದಿಯಲ್ಲಿ ಕೊಡ ಹೊತ್ತವಳು ಕಂಡರೆ, ಇವಳ ದಾರಿ ಸಿಕ್ಕಿತೋ ಇಲ್ಲವೋ ಎನಿಸುತ್ತಿತ್ತು.

ಒಂದು ಮಾತು ಸಿಗದೆ ನಾನು ಅಳು ಬಂದು ಕುಳಿತಾಗ ಪರದೆಯಾಚೆಯಿಂದ ಅಂದರು, "ಅಕ್ಷರ ಸಿಗಲಿಲ್ಲಾಂದ್ರ ಮನಷ್ಯಾನ ಹಿಡೀರಿ. ಅಂವಗ ಏನ ಬೇಕಾಗ್ಯದ ಅದು ತಿಳೀತಂದ್ರ ಅಕ್ಷರ ತಾನೇ ಬರ್ತದ."

ಗುಲ್ಬರ್ಗಾದಲ್ಲಿ ನಾವು ಆರು ಜನ. ನಾಲ್ಕು ಪರ್ಚೆ ಎರಡು ದಿನದಲ್ಲಿ ಮುಗಿದವು. ಇಮ್ಲಾ ಹೇಳಿದವರು ಬೇಗ ಬೇಗ ಹೇಳಿದರು, ಆದರೆ ದನಿಯನ್ನೇ ನಂಬಿ ಬರೆದು ರೂಢಿಯಾದ ನನಗೆ ಅದು ಕಷ್ಟವಾಗಲಿಲ್ಲ. ಐದನೆಯದಕ್ಕೆ ಒಬ್ಬೊಬ್ಬರನ್ನೇ ಕರೆದರು. ಮೇಜಿನ ಹಿಂದೆ ವಯಸ್ಸಾದ ಒಬ್ಬ ಬೇಗಂ ಸಾಹೇಬರು. ಮುಂದೆ ಚಾಚಿದ ಕಾಗದ ಶಿಕಸ್ತಾ. ಮುನ್ಶೀಜಿಯ ಮಾತು ನಿಜವಾಗಿತ್ತು.

ಒಬ್ಬ ತಂದೆಯ ಅರ್ಜಿ. ಹೆಣ್ಣುಮಕ್ಕಳ ಶಾಲೆಯನ್ನು ಊರಾಚೆಗೆ ಸಾಗಿಸಬೇಡಿ ಎಂದು. ಅಂಚಿನಲ್ಲಿ ಸಾಹೇಬರ ಹುಕುಂ. ಓದುತ್ತ ಹೋದೆ. ಹುಕುಮಿನಲ್ಲಿ ಒಂದು ಮಾತು ಮುತವಲ್ಲಿ ಎಂದು ಕಂಡಿತು, ಮಸೀದಿ ದರ್ಗಾಗಳ ಮೇಲ್ವಿಚಾರಕ. ಇಲ್ಲಿ ಅವನಿಗೇನು ಕೆಲಸ? ನಿಂತೆ. ಆ ತಂದೆಗೆ ಏನು ಬೇಕು? ಹೌದು ಅಥವಾ ಇಲ್ಲ ಎಂಬ ಉತ್ತರ ಬೇಕು. ಸಾಹೇಬರು ಎರಡನ್ನೂ ಹೇಳದೆ ತಡೆದಿದ್ದಾರೆ. "ಮುಲ್ತವಿ", ಅಂದರೆ ಮುಂದಕ್ಕೆ ಇಟ್ಟಿದೆ, ಎಂದು ಓದಿದೆ. ಬೇಗಂ ಸಾಹೇಬರು ತಲೆಯಾಡಿಸಿದರು.

ಮುಗಿಯಿತೆಂದು ನಾನು ಏಳುವಷ್ಟರಲ್ಲಿ ಅವರು ಬಾಗಿಲಲ್ಲಿ ನೀರಿನ ಕೊಡದ ಹತ್ತಿರ ನಿಂತಿದ್ದ ಹೆಣ್ಣಾಳನ್ನು ಕರೆದರು. ಈ ಅರ್ಜಿ ಇವಳದೇ ಎಂದು ತಿಳಿದು, ಹುಕುಂ ಏನೆಂದು ಇವಳಿಗೆ ಇವಳ ಮಾತಿನಲ್ಲಿ ಹೇಳಿ ಎಂದರು. ಇದು ಜರೀದಾದಲ್ಲಿ ಇರಲಿಲ್ಲ. ಮುನ್ಶೀಜಿಗೂ ಗೊತ್ತಿರಲಿಲ್ಲ. ಕನ್ನಡ ತಾನೇ ಎಂದು ಸಮಾಧಾನವಾಯಿತು.

"ನಿನ್ನ ಮನವಿಯನ್ನು ಸದ್ಯಕ್ಕೆ ಮುಂದೂಡಲಾಗಿದೆ" ಅಂದೆ.

ಅವಳು ಗಾಬರಿಯಾದಳು. "ಮುಂದ ಯಾರು ದೂಡ್ಯಾರ್ರಿ ಬಾಯಾರ?"

ಧಾರವಾಡದ ಪತ್ರಿಕೆಗಳ ಕನ್ನಡ ಆ ಖೋಲಿಯಲ್ಲಿ ನಿಷ್ಪ್ರಯೋಜಕವಾಗಿ ನಿಂತಿತು. ಬೆವರು ಒರೆಸಿಕೊಂಡು, ಹುಸೇನಿ ಬೀ ಬಾವಿಕಟ್ಟೆಯಲ್ಲಿ ಹೇಗೆ ಹೇಳುತ್ತಿದ್ದಳೆಂದು ನೆನೆದೆ.

"ನಿನ್ನ ದರಖಾಸ್ತ ಖಾರಿಜ ಆಗಿಲ್ಲವಾ, ಒಗದಿಲ್ಲ, ಮುಲ್ತವಿ ಇಟ್ಟಾರ. ಸೂಟಿ ಮುಗದು ಸಾಲಿ ತೆಗಿಯೂದ್ರಾಗ ನೀನೂ ಓಣ್ಯಾಗಿನ ಇನ್ನ ನಾಕ ಮಂದೀನೂ ಹಾಜರ ಆಗಬೇಕಂತ. ಸಾಹೇಬ್ರು ಖುದ್ದ ಬಂದು ಜಾಗಾ ನೋಡ್ತಾರ."

"ಹಾಂ, ಹಿಂಗ ಹೇಳ್ರಿ" ಎಂದಳು. ಮತ್ತೆ, ಅರ್ಜಿ ನಿಜವಾಗಿಯೂ ತನ್ನದೇ ಎಂಬಂತೆ, "ಯಾವತ್ತ ಬರ್ಬೇಕ್ರಿ?" ಎಂದು ಕೇಳಿದಳು. ಬೇಗಂ ಸಾಹೇಬರು ನಕ್ಕು ಏನನ್ನೋ ಬರೆದುಕೊಂಡರು.

ಫಲಿತಾಂಶವಿದ್ದ ಜರೀದಾವನ್ನು ಮುನ್ಶೀಜಿ ತರಿಸಿ ಪರದೆಯಾಚೆಯಿಂದ ಓದಿದರು. ಮೊದಲ ಹೆಸರು ಹೈದರಾಬಾದಿನ ಒಬ್ಬಾಕೆಯದು. ಹುಸೇನಿ ಬೀ ನನ್ನ ಕೈ ಹಿಸುಕಿದಳು. "ನಂಬರ ಎರಡು. ಜಮುನಾ ಬಾಯಿ, ಸಾಕಿನ್ ಯಾದಗಿರಿ" ಎಂದರು. ಯಮುನಾ ಉರ್ದುವಿನಲ್ಲಿ ಜಮುನಾ, ಸಾಕಿನ್ ಅಂದರೆ ವಾಸ. ನಾನು ಆ ಹಾಳೆ ತೆಗೆದುಕೊಂಡು ಮನೆಗೆ ಓಡಿದೆ. ನಮ್ಮವರು ಹಿಟ್ಟಿನ ಕೈ ಒರೆಸಿಕೊಂಡು, "ಎಲ್ಲಿ, ಬೊಟ್ಟ ಇಡಸು" ಅಂದರು. ಅವರ ಬೆರಳು ಹಿಡಿದು ಹೆಸರಿನ ಮೇಲಿಟ್ಟೆ. ಬಹಳ ಹೊತ್ತು ತೆಗೆಯಲಿಲ್ಲ.

ಈಗ ನನ್ನ ತಿರುಗಾಟ ಶಹಾಪುರ, ಗೋಗಿ, ಸುರಪುರ. ಎತ್ತಿನ ಗಾಡಿ, ಕೆಲವು ಕಡೆ ಟಾಂಗಾ. ಗೋಗಿಯಲ್ಲಿ ಆ ಬಾವಿಯ ದಾರಿ ಹುಡುಕಿ ನೋಡಿದೆ. ಗೋಡೆ ಅರ್ಧ ಬಿದ್ದಿತ್ತು. ಕೆಡವಿದವರು ಯಾರೆಂದು ಯಾರೂ ಹೇಳಲಿಲ್ಲ. ಆಚೆ ವರ್ಷ ತಂಗಿಯ ಮದುವೆಗೆ ಧಾರವಾಡಕ್ಕೆ ಬಂದಾಗ, ಅಡಿಗೆಮನೆಯಲ್ಲಿ ನಾನು "ಬುಟ್ಟಿ ಖಾಲಿ ಆಗ್ಯದ, ಜಲ್ದಿ ತರ್ರಿ" ಅಂದದ್ದಕ್ಕೆ ಎಲ್ಲರೂ ನಕ್ಕರು. "ಅಕ್ಕ ಪಕ್ಕಾ ಮೊಗಲಾಯ್ಯಾಕಿ ಆಗ್ಯಾಳ" ಎಂದಳು ತಂಗಿ. ನಾನೂ ನಕ್ಕೆ. ಇಲ್ಲಿಗೆ ಮರಳಿದರೆ ಓಣಿಯ ಹೆಂಗಸರು "ಧಾರವಾಡದಾಕಿ ಬಂದ್ಲು" ಅಂದರು.

ನೌಕರಿ ಕಾಯಂ ಆದಾಗ ಸರ್ವೀಸ್ ಪುಸ್ತಕ ಬರೆಸಲು ಕಚೇರಿಗೆ ಹೋದೆವು. ಗುಮಾಸ್ತ ಹೆಸರು ಬರೆದ, ಪದವಿ ಬರೆದ, ಲೇಖಣಿ ಎತ್ತಿ, "ವತನ್?" ಎಂದ. ಸ್ವಂತ ಊರು. ನಮ್ಮವರು ನನ್ನ ಕಡೆ ಮುಖ ತಿರುಗಿಸಿದರು, ಇದನ್ನು ನಾನೇ ಹೇಳಬೇಕೆಂಬಂತೆ. ಆ ಖಾನೆಯಲ್ಲಿ ಎರಡು ಊರಿಗೆ ಜಾಗವಿರಲಿಲ್ಲ.

"ಸುರಪುರ" ಅಂದೆ. ಗುಮಾಸ್ತ ಬರೆದು, ಮರಳು ಉದುರಿಸಿ, ಶಾಯಿ ಆರಿಸಿದ.

ನೌಕರಿ ಕಾಯಂ ಆದದ್ದನ್ನು ಆ ದಿನವೇ ಅವ್ವನಿಗೆ ಕಾಗದದಲ್ಲಿ ತಿಳಿಸಿದೆ. ನನ್ನ ಊರು ಸುರಪುರ ಎಂದು ಬರೆಸಿದ ಮಾತು ಮಾತ್ರ ಬರೆಯಲಿಲ್ಲ. ನಿಮಗೆ ಬರೆದಿದ್ದೇನೆ. ಅವ್ವನಿಗೆ ಓದಲು ಬರುವುದಿಲ್ಲ. ನಿಮ್ಮಲ್ಲಿ ಯಾರಾದರೂ ಓದಿ ಹೇಳುವುದಾದರೆ, ಮೆಲ್ಲಗೆ ಹೇಳಿ.