ಬಿಟ್ಟಂಗಾಲದ ದಾರಿಯಲ್ಲಿ ಕೇಳಿದ ಜೋಡಿ ಗುಂಡು

ಜನರಿಗೆ ಏನು ಕೇಳುತ್ತದೆ, ಎಷ್ಟು ಕೇಳುತ್ತದೆ ಎಂದು ಅಳೆಯುವುದೇ ನನ್ನ ಕೆಲಸ. ದಾವಣಗೆರೆಯ ಒಂದು ಆಸ್ಪತ್ರೆಯ ಕಿವಿ ಪರೀಕ್ಷೆಯ ಕೋಣೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕೂತವನು ನಾನು. ಹೊರಗಿನ ಸದ್ದು ನುಸುಳದ ಪುಟ್ಟ ಕೋಣೆಯೊಳಗೆ ರೋಗಿಯನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಬಟನ್ ಒತ್ತಿ ಎನ್ನುತ್ತೇನೆ. ನಾನು ಯಾವ ಸದ್ದನ್ನೂ ಕಳಿಸದೆ ಸುಮ್ಮನೆ ಕೂತಾಗಲೂ ಬಟನ್ ಒತ್ತುವವರು ಆಗಾಗ ಸಿಗುತ್ತಾರೆ. ಅವರು ಸುಳ್ಳು ಹೇಳುವವರಲ್ಲ ಪಾಪ, ಅವರಿಗೆ ನಿಜಕ್ಕೂ ಕೇಳಿಸಿರುತ್ತದೆ. ಹಾಗಾಗಿ ನೆಂಟರಿಷ್ಟರಲ್ಲಿ ಯಾರಾದರೂ ಹಿತ್ತಲಲ್ಲಿ ಗೆಜ್ಜೆ ಸದ್ದಾಯಿತು, ಸತ್ತವರು ಹೆಸರು ಹಿಡಿದು ಕರೆದರು ಎಂದೆಲ್ಲ ಶುರುಮಾಡಿದರೆ, ನಾಳೆ ನಮ್ಮ ಕೋಣೆಗೆ ಬನ್ನಿ, ಒಂದು ಟೆಸ್ಟ್ ಮಾಡೋಣ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ಯಾರ ಬಾಯನ್ನೂ ಮುಚ್ಚಿಸುವುದಿಲ್ಲ. ಯಾಕೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಮೂರು ವರ್ಷದ ಹಿಂದೆ, ಜನವರಿಯಲ್ಲಿ, ನಾನೂ ನನ್ನ ಹೆಂಡತಿ ಶೈಲಾಳೂ ಕೊಡಗಿಗೆ ಹೋಗಿದ್ದೆವು. ಮೈಸೂರಿನವರೆಗೆ ರೈಲು, ಅಲ್ಲಿಂದ ಮುಂದಕ್ಕೆ ನಾವೇ ಓಡಿಸಿಕೊಂಡು ಹೋಗುವ ಬಾಡಿಗೆ ಗಾಡಿ. ಮನೆಯಲ್ಲಿರುವುದು ಹಳೆಯ ಸಣ್ಣ ಕಾರು. ಈ ಸಲವಾದರೂ ಎತ್ತರದ ಗಾಡಿಯಲ್ಲಿ ಕೂರಬೇಕು ಎಂದು ಶೈಲಾ ಹಟ ಹಿಡಿದಿದ್ದರಿಂದ ಒಂದು ಮಧ್ಯಮ ಗಾತ್ರದ ಎಸ್‌ಯುವಿ ತೆಗೆದುಕೊಂಡೆ. ಗಾಡಿ ಕೊಟ್ಟ ಯುವಕ ಸುತ್ತಲೂ ತಿರುಗಿ ಒಂದೊಂದು ಗೀರನ್ನೂ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡ. ಮುಂಗಾಜಿನ ಹತ್ತಿರ ಸದಾ ಓಡುವ ಪುಟ್ಟ ಕ್ಯಾಮೆರಾ ಒಂದಿತ್ತು. "ಒಳಗಿನ ಮಾತೂ ರೆಕಾರ್ಡ್ ಆಗುತ್ತೆ ಸಾರ್, ಜಗಳ ಆಡೋದಿದ್ರೆ ಇಳಿದು ಆಡಿ" ಎಂದು ನಕ್ಕ. ಅಷ್ಟು ದೊಡ್ಡ ಗಾಡಿ ಓಡಿಸಿ ಅಭ್ಯಾಸವಿಲ್ಲದ ನನಗೆ ಅದರ ಮೂತಿ ಎಲ್ಲಿ ಮುಗಿಯುತ್ತದೆ ಎಂಬ ಅಂದಾಜೇ ಸಿಗುತ್ತಿರಲಿಲ್ಲ. ಎದುರಿಗೆ ಬಸ್ಸು ಬಂದರೆ ಹೊಟ್ಟೆ ಒಳಗೆಳೆದುಕೊಂಡು ಕೂರುತ್ತಿದ್ದೆ, ನನ್ನ ಹೊಟ್ಟೆ ಸಣ್ಣದಾದರೆ ಗಾಡಿಯೂ ಸಣ್ಣದಾಗುತ್ತದೆ ಎಂಬಂತೆ.

ನಾವು ಇಳಿದುಕೊಂಡಿದ್ದು ಬಿಟ್ಟಂಗಾಲದ ಹತ್ತಿರದ ಒಂದು ಹೋಂಸ್ಟೇಯಲ್ಲಿ. ಎರಡನೆಯ ದಿನ ಕುಟ್ಟದ ಕಡೆ ಸುತ್ತಾಡಿ ವಾಪಸು ಬರುವಾಗ ಮೊಬೈಲಿನ ನಕಾಶೆ ನಮ್ಮನ್ನು ಒಂದು ಒಳದಾರಿಗೆ ಇಳಿಸಿತು. ಎರಡೂ ಕಡೆ ಕಾಫಿ ತೋಟ, ನಡುವೆ ಒಂದು ಗಾಡಿ ಮಾತ್ರ ಹಿಡಿಸುವಷ್ಟು ಡಾಂಬರು. ಮಧ್ಯಾಹ್ನ ಮೂರೂ ಮುಕ್ಕಾಲು ಇರಬೇಕು. ಒಳ್ಳೆಯ ಬಿಸಿಲಿತ್ತು. ಕಬ್ಬಿಣದ ಗೇಟೊಂದರ ಮುಂದೆ ಬಂದಾಗ ಎರಡು ಗುಂಡಿನ ಸದ್ದು ಕೇಳಿತು. ಒಂದರ ಬೆನ್ನಿಗೇ ಇನ್ನೊಂದು, ನಡುವೆ ಉಸಿರಾಡುವಷ್ಟೂ ಬಿಡುವಿಲ್ಲ. ಗಾಡಿಯ ಕಿಟಕಿಗಳೆಲ್ಲ ಮುಚ್ಚಿದ್ದವು, ಆದರೂ ಆ ಸದ್ದು ಎದೆಗೆ ಬಡಿಯಿತು. ನಾನು ಬ್ರೇಕ್ ಒತ್ತಿದೆ. ಶೈಲಾ ನನ್ನ ತೋಳು ಹಿಡಿದು "ಏನ್ರೀ ಅದು?" ಎಂದಳು. ಆನೆ ಓಡಿಸಲು ಪಟಾಕಿ ಹೊಡೆದಿರಬೇಕು ಎಂದೆ. ಗೇಟಿನ ಪಕ್ಕದ ಕಂಬಕ್ಕೆ ಹಳೆಯ ಹಾಲಿನ ಕ್ಯಾನೊಂದನ್ನು ಅಡ್ಡ ಕಟ್ಟಿ ಅಂಚೆ ಪೆಟ್ಟಿಗೆ ಮಾಡಿದ್ದರು. ಅದನ್ನು ನೋಡಿ ಶೈಲಾ ನಕ್ಕದ್ದರಿಂದ ಆ ಜಾಗ ನೆನಪಿನಲ್ಲಿ ಉಳಿಯಿತು.

ಮುಖ್ಯ ರಸ್ತೆಗೆ ಸೇರುವಲ್ಲಿ ಒಂದು ಚಹಾದ ಅಂಗಡಿ. ಅಂಗಡಿಯವರು ಕೇರಳದ ಕಡೆಯ ವಯಸ್ಸಾದ ಮುಸ್ಲಿಮರು, ಎಲ್ಲರೂ ಅವರನ್ನು ಕಾಕ ಎನ್ನುತ್ತಿದ್ದರು. ಚಹಾ ಕುಡಿಯುತ್ತ ನಾನು ದೊಡ್ಡ ಗಂಟಲಿನಲ್ಲಿ, ನಿಮ್ಮೂರಲ್ಲಿ ಹಾಡಹಗಲೇ ಆನೆಗೆ ಗುಂಡು ಹೊಡೀತಾರಾ, ಎರಡು ಒಟ್ಟಿಗೆ ಕೇಳಿಸಿತಲ್ಲ ಎಂದೆ. ಇವತ್ತಿಗೂ ಆ ಮಾತನ್ನು ನೆನೆದರೆ ನನ್ನ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಕಾಕ ಲೋಟ ತೊಳೆಯುವುದನ್ನು ನಿಲ್ಲಿಸಿದರು. "ಎರಡು ಒಟ್ಟಿಗೆ ಅಂದ್ರೆ ಆನೆಗಲ್ಲ ಸಾರ್. ಇಲ್ಲಿ ಕೊಡವರ ಮನೇಲಿ ಸಾವಾದ್ರೆ ಹಾಗೆ ಹೊಡೀತಾರೆ, ಊರಿಗೆ ಗೊತ್ತಾಗ್ಲಿಕ್ಕೆ. ಆದ್ರೆ ಇವತ್ತು ನಮಗೆ ಯಾರಿಗೂ ಕೇಳಲಿಲ್ಲವಲ್ಲ" ಎಂದರು.

ಒಳಬೆಂಚಿನಲ್ಲಿ ಪೇಪರ್ ಓದುತ್ತಿದ್ದ ಎಪ್ಪತ್ತರ ಆಸುಪಾಸಿನ ಒಬ್ಬರು ಎದ್ದು ಬಂದರು. ಎತ್ತರದ ಆಳು, ಇಸ್ತ್ರಿ ಮಾಡಿದ ಖಾಕಿ ಅರ್ಧ ಚಡ್ಡಿ, ತಲೆಗೆ ಕ್ಯಾಪು. ಹೆಸರು ಚಂಗಪ್ಪ ಎಂದು ಆಮೇಲೆ ತಿಳಿಯಿತು. ಎಲ್ಲಿ ಕೇಳಿಸಿತು ಎಂದು ವಿಚಾರಿಸಿದರು. ಶೈಲಾ ಗೇಟಿನ ಗುರುತು, ಹಾಲಿನ ಕ್ಯಾನು ಎಲ್ಲ ಹೇಳಿದಳು. ಅವರು ಕೈಯಲ್ಲಿದ್ದ ಪೇಪರನ್ನು ಮಡಚಿಕೊಂಡರು. "ಅದು ನಮ್ಮ ಗೇಟು. ಮನೇಲಿ ಹೆಂಡತಿ ಒಬ್ಬಳೇ ಉಂಟು" ಎಂದರು.

ಅಂಗಡಿಯ ಫೋನಿನಿಂದ ಮನೆಗೆ ಮಾಡಿದರು. ಬಡಿದುಕೊಂಡು ಬಡಿದುಕೊಂಡು ನಿಂತಿತೇ ಹೊರತು ಯಾರೂ ಎತ್ತಲಿಲ್ಲ. ಅವರ ಜೀಪನ್ನು ತೋಟದ ಲೆಕ್ಕ ಬರೆಯುವ ರೈಟರ್ ಗೊಬ್ಬರ ತರಲು ತೆಗೆದುಕೊಂಡು ಹೋಗಿದ್ದ. ನಾನೇ ಬನ್ನಿ ಎಂದೆ. ಹಿಂದಿನ ಸೀಟಿನಲ್ಲಿ ನಡುವೆ ಕೂತು ಎರಡೂ ಕೈಯಲ್ಲಿ ಮುಂದಿನ ಸೀಟುಗಳನ್ನು ಹಿಡಿದುಕೊಂಡರು. ಬೆಲ್ಟ್ ಹಾಕಲಿಲ್ಲ. ಗಾಡಿ ಟಿಣ್ ಟಿಣ್ ಎಂದು ಹೊಡೆದುಕೊಳ್ಳುತ್ತಲೇ ಇತ್ತು, ಹಾಕಿಕೊಳ್ಳಿ ಎನ್ನಲು ನಮಗಿಬ್ಬರಿಗೂ ಬಾಯಿ ಬರಲಿಲ್ಲ. ಆ ಎರಡು ಕಿಲೋಮೀಟರಿನಲ್ಲಿ ಅವರು ಒಂದೇ ಮಾತು ಆಡಿದ್ದು: "ಬೆಳಿಗ್ಗೆ ಎದೆ ಹಿಡಿದ ಹಾಗೆ ಆಗ್ತದೆ ಅಂತ ಹೇಳಿದ್ಳು. ನಾನು ಗ್ಯಾಸ್ ಅಂತ ಬೈದೆ." ಆತುರದಲ್ಲಿ ಗೇಟಿನೊಳಗೆ ತಿರುಗಿಸುವಾಗ ಗಾಡಿಯ ಎಡಮಗ್ಗುಲು ಕಂಬಕ್ಕೆ ಉಜ್ಜಿ ಕಿರ್ರೆಂದಿತು. ಅದನ್ನು ಇಳಿದು ನೋಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಮನೆಯ ಹಿಂದಿನ ಕಣದಲ್ಲಿ ಅವರ ಹೆಂಡತಿ ಕಾವೇರಮ್ಮ, ಸೊಂಟಕ್ಕೆ ಸೆರಗು ಸಿಕ್ಕಿಸಿ, ಒಣಹಾಕಿದ ಕಾಫಿಯನ್ನು ಸರಿಯಾಗಿ ಹರಡಲಿಲ್ಲ ಎಂದು ಕೆಲಸದವರ ಮೇಲೆ ರೇಗುತ್ತಿದ್ದರು. ಫೋನು ಒಳಗಿತ್ತು, ಕೇಳಿರಲಿಲ್ಲ, ಅಷ್ಟೇ. ಗಂಡನ ಮುಖ ನೋಡಿ ಆಕೆಯೇ ಗಾಬರಿಯಾದರು. ಚಂಗಪ್ಪನವರು ಕಣದ ಕಟ್ಟೆಯ ಮೇಲೆ ಕುಸಿದು ಕೂತು ನಗಲು ಶುರುಮಾಡಿದರು, ನಾವೂ ನಕ್ಕೆವು. ನನಗೆ ಎಷ್ಟು ಹಗುರವಾಯಿತೆಂದರೆ ಬಾಡಿಗೆ ಗಾಡಿಗೆ ಆದ ಗೀರೂ ಬೇಸರ ತರಲಿಲ್ಲ.

ಕಾವೇರಮ್ಮ ಮಾತ್ರ ನಗಲಿಲ್ಲ. ಬೆಲ್ಲದ ಕಾಫಿ ಕೊಡುತ್ತ, ಎರಡೂ ಒಟ್ಟಿಗೇ ಕೇಳಿಸಿದ್ದಾ, ಸರಿಯಾಗಿ ಹೇಳಿ ಎಂದು ನನ್ನನ್ನೂ ಶೈಲಾಳನ್ನೂ ಬೇರೆಬೇರೆಯಾಗಿ ಕೇಳಿದರು. ಹೌದು ಎಂದೆವು. ಕೆಲಸದವರನ್ನು ಕೇಳಿದರೆ, ಊಟದ ಹೊತ್ತಿನಿಂದ ಅಲ್ಲೇ ಇದ್ದೇವೆ, ಗುಂಡೂ ಇಲ್ಲ ಪಟಾಕಿಯೂ ಇಲ್ಲ ಎಂದರು. ಚಂಗಪ್ಪನವರು ಒಳಗಿನಿಂದ ಕೋವಿ ತಂದು, ನಡುವೆ ಮಡಚಿ ತೆರೆದು, ನಳಿಗೆಗೆ ಮೂಗು ಹಚ್ಚಿ ನೋಡಿದರು. ಎಣ್ಣೆಯ ವಾಸನೆ ಬಿಟ್ಟರೆ ಏನಿಲ್ಲ ಎಂದರು. ಹೊರಡುವಾಗ, ಗೀರು ನಮ್ಮ ಕೆಲಸಕ್ಕೆ ಬಂದು ಆದದ್ದು, ಬಣ್ಣ ಹೊಡೆಸುವುದು ನನ್ನ ಜವಾಬ್ದಾರಿ ಎಂದು ನನ್ನ ನಂಬರು ಕೇಳಿದರು. ಬೇಡವೆಂದರೂ ಬಿಡದೆ ಕಾವೇರಮ್ಮ ಅದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಂಡರು. "ನೀವು ಹೇಳಿದ್ದು ಒಳ್ಳೇದೇ ಆಯ್ತು. ಇಲ್ಲದಿದ್ರೆ ಇವಳಿಗೆ ಬೆಳಿಗ್ಗೆ ಬೈದದ್ದು ಹಾಗೇ ಉಳೀತಿತ್ತು" ಎಂದು ಚಂಗಪ್ಪನವರು ನನ್ನ ಕೈ ಕುಲುಕಿದರು. ಅವರ ಅಂಗೈ ಬೆವರಿತ್ತು.

ಮರುದಿನ ಬೆಳಿಗ್ಗೆ ಏಳರ ಸುಮಾರಿಗೆ ನಾನು ಹೋಂಸ್ಟೇಯ ಅಂಗಳದಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ. ದೂರದಿಂದ ಎರಡು ಗುಂಡು ಕೇಳಿತು. ಅದೇ ಸದ್ದು. ಒಂದರ ಬೆನ್ನಿಗೇ ಇನ್ನೊಂದು. ಶೈಲಾ ಒದ್ದೆ ತಲೆಯಲ್ಲೇ ಬಾಗಿಲಿಗೆ ಬಂದು ನನ್ನನ್ನು ನೋಡಿದಳು. ಈ ಸಲ ಹೋಂಸ್ಟೇಯವರಿಗೂ ಕೇಳಿತ್ತು. ಯಾರ ಮನೆಯೋ ಎಂದು ಅವರು ಫೋನು ಹಿಡಿದು ವಿಚಾರಿಸುವ ಮೊದಲೇ ನಮಗೆ ಗೊತ್ತಿತ್ತು. ನಾನು ಕಾವೇರಮ್ಮ ಎಂದುಕೊಂಡಿದ್ದೆ. ಆ ಊಹೆಯೊಂದು ತಪ್ಪಾಗಿತ್ತು.

ನಿಮ್ಮ ಮುಂದೆ ಮುಚ್ಚಿಡುವುದೇನು, ನನಗೆ ಮೈಸೂರಿಗೆ ನೇರ ಓಡಿಹೋಗುವ ಮನಸ್ಸಾಗಿತ್ತು. ಶೈಲಾ ಕೇಳಲಿಲ್ಲ. ಹೋದಾಗ ಗೇಟು ತೆರೆದಿತ್ತು, ದಾರಿಯುದ್ದಕ್ಕೂ ಜೀಪುಗಳು, ಅಂಗಳದಲ್ಲಿ ಬಿಳಿ ಉಡುಪಿನ ಜನ. ಚಂಗಪ್ಪನವರನ್ನು ಮಲಗಿಸಿದ್ದರು. ಆದದ್ದನ್ನು ಅವರ ತಮ್ಮ ಹೇಳಿದರು. ನಾವು ಹೊರಟ ಮೇಲೆ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲವಂತೆ. ನಮ್ಮ ಗೇಟಿನ ಹತ್ತಿರ ಗುಂಡು ಹೊಡೆದವರು ಯಾರು ಎಂದು ಕೋವಿ ಹಿಡಿದು ತೋಟದ ಬೇಲಿಯುದ್ದಕ್ಕೂ ದಿಣ್ಣೆ ಏರಿ ಇಳಿದು ಸುತ್ತಿದ್ದಾರೆ. ಕತ್ತಲಾದ ಮೇಲೆ ಬಂದವರು ಊಟ ಬೇಡ ಎಂದರು. ಜಾಗದ ತಕರಾರಿನಿಂದ ಆರೇಳು ವರ್ಷ ಮಾತು ಬಿಟ್ಟಿದ್ದ ಈ ತಮ್ಮನಿಗೆ ಫೋನ್ ಮಾಡಿ, ಬೆಳಿಗ್ಗೆ ಒಮ್ಮೆ ಬಾ, ಕೆಲಸ ಉಂಟು ಎಂದರು. ತಮ್ಮ ಬೆಳಗಾಗುತ್ತಲೇ ಬಂದರೆ ಅಣ್ಣ ಹಾಸಿಗೆಯಲ್ಲೇ ಹೋಗಿದ್ದರು. ಗುಂಡು ಹೊಡೆದದ್ದು ಆ ತಮ್ಮನೇ.

ನಾನು ಬಹಳ ಯೋಚನೆ ಮಾಡಿದ್ದೇನೆ. ಹಿಂದಿನ ದಿನ ಎಲ್ಲೋ ಯಾರೋ ನಿಜವಾಗಿಯೇ ಹೊಡೆದಿರಬಹುದು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಮೈಸೂರಿನಲ್ಲಿ ಗಾಡಿ ಒಪ್ಪಿಸುವಾಗ, ಗೀರಿನ ಲೆಕ್ಕಕ್ಕೆಂದು ಆ ಯುವಕ ಕ್ಯಾಮೆರಾದ ರೆಕಾರ್ಡಿಂಗ್ ತೆಗೆದ. ಆ ಗೇಟಿನ ಮುಂದಿನ ತುಣುಕನ್ನು ನಾನು ಕೇಳಿ ತೆಗೆದುಕೊಂಡೆ. ಗಾಡಿ ಹೋಗುತ್ತಿದೆ. ಇಂಜಿನ್ನಿನ ಸದ್ದು, ಯಾವುದೋ ಹಕ್ಕಿಯ ಕೂಗು ಕೂಡ ಸ್ಪಷ್ಟ. ಇದ್ದಕ್ಕಿದ್ದಂತೆ ಬ್ರೇಕು. "ಏನ್ರೀ ಅದು?" ಎಂಬ ಶೈಲಾಳ ದನಿ. ಗುಂಡಿನ ಸದ್ದು ಮಾತ್ರ ಇಲ್ಲ. ನನ್ನ ಪರೀಕ್ಷೆಯ ಕೋಣೆಯ ಹೆಡ್‌ಫೋನಿನಲ್ಲೇ ಎಷ್ಟು ಸಲ ಹಾಕಿ ಕೇಳಿದ್ದೇನೆ, ಇಲ್ಲ. ಒಬ್ಬನಿಗೆ ಭ್ರಮೆಯಾಗಬಹುದು. ಇಬ್ಬರಿಗೆ ಒಂದೇ ಕ್ಷಣದಲ್ಲಿ, ಒಂದೇ ಥರದ ಎರಡು ಸದ್ದು ಹೇಗೆ ಕೇಳುತ್ತದೆ ಎಂದು ನಮ್ಮ ಶಾಸ್ತ್ರ ಹೇಳುವುದಿಲ್ಲ.

ಅದಕ್ಕಿಂತ ನನ್ನನ್ನು ಕೊರೆಯುವುದು ಇನ್ನೊಂದು. ಮುಂದೆ ಆಗಲಿದ್ದದ್ದು ನಮಗೆ ಮೊದಲೇ ಕೇಳಿಸಿತೇ, ಅಥವಾ ಕೇಳಿಸಿತು ಎಂದು ನಾನು ಬಾಯಿಬಿಟ್ಟದ್ದರಿಂದಲೇ ಅದು ಆಯಿತೇ? ಚಂಗಪ್ಪನವರ ಹೃದಯ ಮೊದಲೇ ಹಾಳಾಗಿತ್ತು, ಯಾವತ್ತಾದರೂ ಆಗುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ಇರಬಹುದು. ಆದರೆ ಗಾಬರಿಯಲ್ಲಿ ಕೋವಿ ಹೊತ್ತು ಬೇಲಿ ಸುತ್ತುವಂತೆ ಮಾಡಿದವನು ನಾನು. ಇದನ್ನು ಯಾರ ಮುಂದೆ ಹೇಳಿದರೂ, ಛೆ, ನಿಮ್ಮದೇನು ತಪ್ಪು ಎನ್ನುತ್ತಾರೆ. ಹಾಗೆ ಅನ್ನದೆ ಇದ್ದವರು ಕಾವೇರಮ್ಮ ಒಬ್ಬರೇ.

ಆ ದಿನ ಆಕೆ ನನ್ನನ್ನು ಬೈಯಲಿಲ್ಲ, ಅಳಲೂ ಇಲ್ಲ. ಹತ್ತಿರ ಬಂದು, ಯಾರಿಗೂ ಕೇಳದಷ್ಟು ಮೆಲ್ಲಗೆ, "ಮತ್ತೆ ಎಂತಾದ್ರೂ ಕೇಳಿಸಿತಾ ನಿಮಗೆ?" ಎಂದರು. ಇಲ್ಲಮ್ಮ ಎಂದೆ. ಆಕೆ ನಂಬಿದಂತೆ ಕಾಣಲಿಲ್ಲ. ಕ್ಯಾಲೆಂಡರಿನ ಮೇಲೆ ಬರೆದುಕೊಂಡ ನಂಬರಿಗೆ ಆಮೇಲೆ ವರ್ಷದಲ್ಲಿ ಮೂರು ನಾಲ್ಕು ಸಲ ಫೋನ್ ಬರುತ್ತದೆ. ಆಕೆಯ ಮಗಳು ದೂರದ ಊರಿಗೆ ಹೊರಟಾಗ, ಯಾರಾದರೂ ಆಸ್ಪತ್ರೆ ಸೇರಿದಾಗ. ಊಟ ಆಯ್ತಾ, ಶೈಲಾ ಹೇಗಿದ್ದಾಳೆ ಎಂದೆಲ್ಲ ಕೇಳಿ, ಕೊನೆಗೆ ಅದೇ ಪ್ರಶ್ನೆ. ನಾನು ಇಲ್ಲಮ್ಮ ಎನ್ನುತ್ತೇನೆ, ಆಕೆ ಸರಿ ಎಂದು ಇಡುತ್ತಾರೆ.

ಹೋದ ತಿಂಗಳು ಮತ್ತೆ ಮಾಡಿದ್ದರು. ಈಗ ತೋಟ ನೋಡಿಕೊಳ್ಳುತ್ತಿರುವ ಮೈದುನನಿಗೆ ಆಪರೇಷನ್ ಇತ್ತಂತೆ. ಆಕೆ ಕೇಳುವ ಮೊದಲೇ ನಾನು, ಏನೂ ಕೇಳಿಸಿಲ್ಲಮ್ಮ, ಧೈರ್ಯವಾಗಿರಿ ಎಂದೆ. "ಕೇಳಿಸಿದ್ರೂ ಈ ಸಲ ಹೇಳ್ಬೇಡಿ" ಎಂದರು. ಆಯಿತು ಎಂದೆ. ಅಷ್ಟಕ್ಕೆ ಮಾತು ಮುಗಿದಿತ್ತು. ಆದರೆ ಆಕೆ ಫೋನ್ ಇಡಲಿಲ್ಲ. ಉಸಿರಾಡುವುದು ಕೇಳುತ್ತಲೇ ಇತ್ತು, ನಾನು ಇನ್ನೂ ಏನೋ ಹೇಳುತ್ತೇನೆಂದು ಕಾಯುತ್ತಿದ್ದರು.