ಡ್ರೈವ್‌ವೇಯಲ್ಲಿ ನಿಂತ ಡೀಸೆಲ್ ಕಾರು

ಜಗನ್ನಾಥ ಮೈಸೂರಿನವರು. ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್ಲ್ಯಾಂಡ್ ಬಂದರಿನ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸ. ವಾರವಿಡೀ ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿರುತ್ತಿತ್ತು. ೧೯೮೪ರ ಚಳಿಗಾಲದಲ್ಲಿ ಅವರ ಶನಿವಾರ ಭಾನುವಾರಗಳೂ ಕಾರಿನ ಕೆಳಗೇ ಕಳೆದವು.

ಆ ಹಳೇ ಡೀಸೆಲ್ ಕಾರು ಜಖಂ ಆದದ್ದು ಅವರ ಹೆಂಡತಿ ಸತ್ಯವತಿ ಓಡಿಸುವಾಗ. ಓಕ್ಲ್ಯಾಂಡಿನದೇ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮುಗಿಸಿ, ಹತ್ತಿರದ ಊರು ನೆವಾರ್ಕಿನ ಮನೆಗೆ ಬರುತ್ತಿದ್ದರು. ಮಳೆ ಬೇರೆ. ಮುಂದಿನ ಲಾರಿಯಿಂದ ಏಣಿಯೊಂದು ಜಾರಿ ಫ್ರೀವೇ ಹೆದ್ದಾರಿಯ ಮೇಲೆ ಬಿತ್ತು. ತಪ್ಪಿಸಲು ಹೋಗಿ ಪಕ್ಕದ ಗೋಡೆಗೆ ಗುದ್ದಿದರು. ಮಣಿಕಟ್ಟು ಉಳುಕಿತು, ಅಷ್ಟೇ. ಆದರೆ ಅವತ್ತಿನಿಂದ ಸ್ಟಿಯರಿಂಗು ಮುಟ್ಟಲಿಲ್ಲ. ಬಸ್ಸು ಹಿಡಿದು ಹೋಗಿಬರತೊಡಗಿದರು.

ಗ್ಯಾರೇಜಿನವನು ಕಾರು ನೋಡಿ, "ಇದಕ್ಕೆ ಕೈ ಹಾಕೋದೇ ದಂಡ, ಗುಜರಿಗೆ ಕಳಿಸಿ" ಅಂದ. ಜಗನ್ನಾಥ ಕೇಳಲಿಲ್ಲ. ಒಳಗೆ ನುಗ್ಗಿದ್ದ ಚೌಕಟ್ಟಿಗೆ ಸರಪಳಿ ಬಿಗಿದು, ಮನೆ ಮುಂದಿನ ಮರಕ್ಕೆ ಕಟ್ಟಿ ಎಳೆದರು. ಗುಜರಿಯಿಂದ ರೇಡಿಯೇಟರು ತಂದರು. ಸೊಟ್ಟಗಾಗಿದ್ದ ತಗಡನ್ನು ದಿನವಿಡೀ ಬಡಿದರು. ಬೆರಳು ಊದಿ ಅನ್ನ ಕಲಸಲೂ ಆಗುತ್ತಿರಲಿಲ್ಲ.

ಒಂದು ಭಾನುವಾರ ಸತ್ಯವತಿ ಹೊರಗೆ ಬಂದರು. "ರೀ, ಸಾಕು ಮಾಡಿ. ನೀವು ಒಂದೊಂದು ಏಟು ಹಾಕಿದಾಗಲೂ ನನ್ನನ್ನೇ ಬೈದ ಹಾಗಾಗತ್ತೆ."

ಜಗನ್ನಾಥ ಸುತ್ತಿಗೆ ಕೆಳಗಿಟ್ಟರು. "ಬೈಯೋದಾ? ಸತ್ಯ, ಇದು ಹಾಳಾಗಿ ನಿಂತಿರೋದು ನೋಡಿ ನೋಡಿ ನಿನ್ನ ಭಯ ಜಾಸ್ತಿ ಆಗುತ್ತೆ ಅಂತ ಮಾಡ್ತಿದೀನಿ ಕಣೇ."

"ಒಂದು ಮಾತು ಕೇಳಬಹುದಿತ್ತಲ್ಲ?"

"ಹೌದು, ಕೇಳಬೇಕಿತ್ತು." ಅವರು ಮೆಟ್ಟಿಲ ಮೇಲೆ ಕುಸಿದು ಕೂತರು. "ನನಗೂ ಸುಸ್ತಾಗಿದೆ."

ಸತ್ಯವತಿ ಪಕ್ಕದಲ್ಲೇ ಕೂತರು. ಆಮೇಲೆ ಕೆಲವು ವಾರ ಕಾರಿಗೆ ಟಾರ್ಪಾಲು ಹೊದಿಸಿ ಬಿಟ್ಟರು. ರಜೆಯ ದಿನ ಊಟ ಮಾಡಿ ಮಲಗಿದರು.

ಮತ್ತೆ ಟಾರ್ಪಾಲು ಎಳೆದು ತೆಗೆದವರು ಸತ್ಯವತಿಯೇ. ಜಗನ್ನಾಥ ರೇಡಿಯೇಟರಿಗೆ ಬೋಲ್ಟು ಬಿಗಿಯುವಾಗ ಅವರು ಅದನ್ನು ಎತ್ತಿ ಹಿಡಿದರು. ಆದರೂ ಎಂಜಿನ್ ಹತ್ತಲಿಲ್ಲ. ಡೀಸೆಲ್ ಪೈಪಿನೊಳಗೆ ಗಾಳಿ ಸೇರಿತ್ತು. ಒಬ್ಬರು ಕೈಪಂಪು ಒತ್ತಿ ಗಾಳಿ ತೆಗೆಯಬೇಕು, ಇನ್ನೊಬ್ಬರು ಕೀಲಿ ತಿರುಗಿಸಬೇಕು.

"ಕೂತ್ಕೋತೀಯಾ?" ಜಗನ್ನಾಥ ಕೇಳಿದರು.

ಸತ್ಯವತಿ ಸ್ವಲ್ಪ ಹೊತ್ತು ಬಾಗಿಲು ಹಿಡಿದು ನಿಂತಿದ್ದು, ಆಮೇಲೆ ಕೂತರು. ತಿರುಗಿಸಿದರು, ನಿಲ್ಲಿಸಿದರು, ಮತ್ತೆ ತಿರುಗಿಸಿದರು. ಕಡೆಗೆ ಕಾರು ಕಪ್ಪು ಹೊಗೆ ಕಾರಿ ಗಡಗಡ ಅಂದಿತು. ಸತ್ಯವತಿಗೆ ಅಳು ಬಂತು.

ಗುಜರಿಯಿಂದ ತಂದು ಕೂಡಿಸಿದ ಕಂದು ಮಡ್‌ಗಾರ್ಡು ಆ ಬಿಳಿ ಕಾರಿಗೆ ಹಾಗೇ ಉಳಿಯಿತು. ಬಣ್ಣ ಹಚ್ಚುವ ಶಕ್ತಿ ಯಾರಿಗೂ ಇರಲಿಲ್ಲ. ಮುಂದಿನ ಸೋಮವಾರ ಸತ್ಯವತಿ ಅಲ್ಲಿ ನಿಧಾನದ ಗಾಡಿಗಳು ಹೋಗುವ ಬಲಗಡೆಯ ಸಾಲಿನಲ್ಲಿ, ಮೆಲ್ಲಗೆ ಓಕ್ಲ್ಯಾಂಡಿಗೆ ಓಡಿಸಿಕೊಂಡು ಹೋದರು. ಹಿಂದಿನವರು ಹಾರ್ನ್ ಮಾಡಿದರು. ಪಕ್ಕದಲ್ಲಿ ಕೂತಿದ್ದ ಜಗನ್ನಾಥರಿಗೆ ಅದು ಕೇಳಿಸಲಿಲ್ಲ. ಫ್ರೀವೇ ಹತ್ತುವ ಮೊದಲೇ ಅವರಿಗೆ ನಿದ್ದೆ ಬಂದಿತ್ತು.