ಟಗರಿನ ಮರ್ಯಾದೆ

...ಇಲ್ಲ, ಆಗ ಮಗು ನನ್ನ ತೊಡೆಯ ಮೇಲಿರಲಿಲ್ಲವೇನೋ, ಒಳಗೆ ತೊಟ್ಟಿಲಲ್ಲಿತ್ತೇನೋ. ನಾನು ಜಗಲಿಯಲ್ಲಿ ಕೂತಿದ್ದೆ ಎಂಬುದು ಮಾತ್ರ ಖಾತ್ರಿ. ಅದೂ ಖಾತ್ರಿಯೇ?

ತೊಂಬತ್ತರ ದಶಕದ ಕೊನೆ, ಕಾಫಿ ಕೊಯ್ಲಿನ ಕಾಲ. ಮೂಡಿಗೆರೆಯ ಆಸ್ಪತ್ರೆಯಿಂದ ಮಗಳನ್ನು ಮನೆಗೆ ತಂದು ಹೆಚ್ಚು ದಿನವಾಗಿರಲಿಲ್ಲ. ತವರಿನಲ್ಲಿ ಅಮ್ಮ ಇರಲಿಲ್ಲ. ಬಾಣಂತನ ಗಂಡನ ಮನೆಯಲ್ಲೇ. ಮಗು ತಿಂಗಳು ತುಂಬಿಯೇ ಹುಟ್ಟಿತ್ತು, ಆದರೆ ತೀರ ಸಣ್ಣದು. ನೋಡಲು ಬಂದವರ ಕಣ್ಣು ಮೊದಲು ಮಗುವಿನ ಮೇಲೆ, ಆಮೇಲೆ ನನ್ನ ಗಿಡ್ಡ, ಸಣ್ಣ ಮೈಯ ಮೇಲೆ.

ಆ ವರ್ಷವೇ ನನ್ನ ಗಂಡ ಬಯಲುಸೀಮೆಯಿಂದ ಒಂದು ಎತ್ತರದ ಟಗರು ತಂದಿದ್ದರು. ತೋಟದ ಕಳೆ ಮೇಯಲು ಸಾಕಿದ್ದ ನಮ್ಮ ಗಿಡ್ಡ ಕುರಿಗಳು ಇನ್ನು ದೊಡ್ಡ ಮರಿ ಹಾಕುತ್ತವೆ ಎಂದು ಕೊಟ್ಟಿಗೆಹಾರದ ಹೋಟೆಲುಗಳಲ್ಲೆಲ್ಲ ಹೇಳಿಕೊಂಡಿದ್ದರು. ಮೊದಲ ಮರಿ ಹುಟ್ಟಿದಾಗ ಅದನ್ನು ಗೋಣಿಯಲ್ಲಿಟ್ಟು, ಕಾಫಿ ಹಣ್ಣು ತೂಗುವ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿದರು. ಮುಳ್ಳು ಅಲುಗಿದ್ದೇ ಕಷ್ಟ. ಹಣ್ಣು ತೂಗಿಸಲು ನಿಂತಿದ್ದ ಹೆಂಗಸರು ನಕ್ಕರು.

"ಏನ್ ಡಾಕ್ಟ್ರೇ, ಟಗರು ಬೋಗಸ್ಸಾ?" ಎಂದು ಗಂಡ ಕುರಿ ನೋಡಲು ಬಂದಿದ್ದ ದನದ ಡಾಕ್ಟರನ್ನು ಕೇಳಿದರು.

"ಟಗರಿಂದೇನೂ ತಪ್ಪಿಲ್ಲ. ಮರಿ ಬೆಳೆಯೋದು ಕುರಿ ಹೊಟ್ಟೇಲಲ್ವಾ? ಅಲ್ಲಿ ಜಾಗ ಇದ್ದಷ್ಟೇ ಬೆಳೆಯೋದು."

"ಅಬ್ಬ, ಟಗರಿನ ಮರ್ಯಾದೆ ಉಳೀತು ಮಾರಾಯ್ರೇ!"

ಅತ್ತೆ ನನ್ನ ಕಡೆ ತಿರುಗಿದರು. "ಕೇಳಿಸ್ತೇನೇ? ಡಾಕ್ಟ್ರ ಬಾಯಲ್ಲೇ ಬಂತು."

ಹೆಂಗಸರ ನಗು ನಿಂತಿತು. ನಕ್ಕಿದ್ದರೇ ವಾಸಿಯಿತ್ತು. ಮುಖ ಬಿಸಿಯಾಗಿ ಸೆರಗು ಎಳೆದುಕೊಂಡೆ. ಕಣದಲ್ಲಿ ಆ ತಾಯಿ ಕುರಿ ಯಾವ ಸಂಕೋಚವೂ ಇಲ್ಲದೆ, ಕೆಳಗಿಳಿಸಿದ ಮರಿಯನ್ನು ನೆಕ್ಕುತ್ತಿತ್ತು. ಅದರ ಮೇಲೆ ಸಿಟ್ಟು ಬಂತು.

ಡಾಕ್ಟರು ಇನ್ನೂ ಏನೋ ಹೇಳಿದ್ದರು. ಗಬ್ಬದ ಕೊನೆಯಲ್ಲಿ ಮೇವು ಸಾಲದಿದ್ದರೂ ಹೀಗಾಗುತ್ತದೆ, ಅಪ್ಪನ ಕಡೆಯದೂ ಸ್ವಲ್ಪ ಇರುತ್ತದೆ ಅಂತ. ಹೇಳಿದ್ದರೋ, ನನ್ನ ಸಮಾಧಾನಕ್ಕೆ ನಾನೇ ಆಮೇಲೆ ಅವರ ಬಾಯಿಗೆ ಹಾಕಿದೆನೋ. ಈ ಭಾಗವನ್ನು ಪೂರ್ತಿ ನಂಬಬೇಡಿ.

ಎಷ್ಟೋ ಕಾಲದ ಮೇಲೆ ಧೈರ್ಯ ಮಾಡಿ ಕೇಳಿದೆ: "ಇವರು ಹುಟ್ಟಿದಾಗ ಎಷ್ಟು ತೂಕ ಇದ್ರು ಅತ್ತೆ?"

"ಆಗೆಲ್ಲ ಯಾರೇ ತೂಗ್ತಿದ್ರು? ಬದುಕ್ತದಾ ಇಲ್ವಾ ಅಂತ ನೋಡೋದಷ್ಟೇ."

ಅತ್ತೆಯ ರವಿಕೆ ನನಗೆ ಸರಿಯಾಗಿ ಕೂರುತ್ತಿತ್ತು, ಅವರದೂ ನನ್ನಷ್ಟೇ ಸಣ್ಣ ಮೈ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಬಸುರಿನ ಕೊನೆಯ ತಿಂಗಳುಗಳಲ್ಲಿ ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಂಡಿದ್ದೆ, ಅದನ್ನೂ ಹೇಳಲಿಲ್ಲ. ಮಗಳು ಅಷ್ಟು ಸಣ್ಣಗೆ ಹುಟ್ಟಿದ್ದು ನನ್ನ ಮೈಯಿಂದಲೋ, ಅವರ ವಂಶದಿಂದಲೋ, ಸಾಲದ ಊಟದಿಂದಲೋ, ನನಗೆ ಇವತ್ತಿಗೂ ಗೊತ್ತಿಲ್ಲ.